ಕರಪತ್ರದಲ್ಲಿ ಮನೆಯ ನಂಬರು

ಐದು ಸಾವಿರ ಕರಪತ್ರ, ಒಂದೊಂದಕ್ಕೆ ಎರಡೆರಡು ಮಡಿಕೆ. ಊಟದ ಮೇಜನ್ನು ಒರೆಸಿ, ಮೇಲೊಂದು ಹಳೆಯ ಬಟ್ಟೆ ಹಾಸಿ, ತಾಯಿ ಮೂರನೆಯ ದಿನವೂ ಬೆಳಗಿನಿಂದ ಮಡಚುತ್ತ ಕೂತಿದ್ದಳು. ಬಲಗೈಯಲ್ಲಿ ಸವೆದು ನುಣುಪಾದ ಮರದ ಪಟ್ಟಿ. ಮಡಚುವುದು, ಪಟ್ಟಿಯಿಂದ ಒಮ್ಮೆ ಎಳೆಯುವುದು, ತಿರುಗಿಸಿ ಮತ್ತೆ ಮಡಚುವುದು, ಮತ್ತೆ ಎಳೆಯುವುದು. ಮೂವತ್ತು ವರ್ಷಗಳಿಂದ ಗಂಡನ ಪ್ರೆಸ್ಸಿನಲ್ಲಿ ಅಚ್ಚಾದದ್ದೆಲ್ಲ ಆಕೆಯ ಕೈಯಲ್ಲಿ ಮಡಿಕೆಯಾಗಿಯೇ ಹೊರಗೆ ಹೋಗಿತ್ತು. ಸತ್ತವರ ಸುದ್ದಿ, ಮದುವೆಯ ಕರೆ, ಚುನಾವಣೆಯ ಬೈಗುಳ, ಯಾವುದನ್ನೂ ಆಕೆ ಓದಿದವಳಲ್ಲ. ಓದುತ್ತ ಕೂತರೆ ಕೈ ನಿಧಾನವಾಗುತ್ತದೆ. ಅಕ್ಷರ ಒಳಗೆ, ಬಿಳಿಯ ಬೆನ್ನು ಹೊರಗೆ.

ಪ್ರೆಸ್ಸು ಮನೆಯ ಮುಂಭಾಗದ ದೊಡ್ಡ ಕೋಣೆಯಲ್ಲಿತ್ತು. ಅದರ ಹಿಂದೆ ಊಟದ ಕೋಣೆ, ಅದರ ಹಿಂದೆ ಅಡುಗೆಮನೆ. ಶಾಯಿಯ ವಾಸನೆಗೂ ಈರುಳ್ಳಿಯ ವಾಸನೆಗೂ ನಡುವೆ ಇದ್ದದ್ದು ಒಂದೇ ಬಾಗಿಲು.

ಈ ಕೆಲಸ ಆಸ್ಪತ್ರೆಯದು. ‘ಮನಸ್ಸಿಗೂ ಕಾಯಿಲೆ ಬರುತ್ತದೆ. ಅದರಲ್ಲಿ ನಾಚಿಕೆ ಪಡುವಂಥದ್ದು ಏನೂ ಇಲ್ಲ. ಮುಚ್ಚಿಡಬೇಡಿ, ಮಾತಾಡಿ’ ಎಂದು ಮೇಲೆ ದಪ್ಪಕ್ಷರ. ನಡುವೆ ಒಂದು ಚೌಕ, ಚೌಕದೊಳಗೆ ಫೋನ್ ನಂಬರು, ಚೌಕದ ಕೆಳಗೆ ‘ಮಧ್ಯಾಹ್ನ ಒಂದರಿಂದ ಮೂರರವರೆಗೆ ಕರೆ ಮಾಡಿ’ ಎಂಬ ಸಾಲು. ಬರೆದುಕೊಟ್ಟು ಹೋದ ಆಸ್ಪತ್ರೆಯ ಮೇಡಂ ಅವಸರದಲ್ಲಿದ್ದರು. “ಪ್ರೂಫು ನಾನು ನೋಡೋದು ಬೇಡ ಬಿಡಿ. ನಿಮ್ಮ ಪ್ರೆಸ್ಸಲ್ಲಿ ತಪ್ಪು ಬರಲ್ಲ ಅಂತ ಎಲ್ಲರೂ ಹೇಳ್ತಾರೆ” ಎಂದಿದ್ದರು. ಯಜಮಾನರು ಹಿಗ್ಗಿದರು. ಆ ಹೆಸರನ್ನು ತಂದುಕೊಟ್ಟವಳು ತಮ್ಮ ಮಗಳು ಎಂದು ಮಾತ್ರ ಹೇಳಲಿಲ್ಲ.

ಮಗಳು ತೊಳೆದ ತಟ್ಟೆಗಳನ್ನು ಜೋಡಿಸುತ್ತಿದ್ದವಳು, ಕೆಳಗೆ ಬಿದ್ದಿದ್ದ ಒಂದು ಕರಪತ್ರವನ್ನು ಎತ್ತಿ ಬಿಡಿಸಿ ನೋಡಿದಳು.

“ಅಮ್ಮ, ಇದರಲ್ಲಿ ನಮ್ಮ ಮನೆ ನಂಬರ್ ಇದೆ.”

ತಾಯಿಯ ಕೈಯಲ್ಲಿದ್ದ ಪಟ್ಟಿ ಅಲ್ಲೇ ನಿಂತಿತು. ಎರಡು ವರ್ಷದ ಹಿಂದೆ ಆ ಮನೆಯ ಗೋಳು ಶುರುವಾದದ್ದು ಇದೇ ಮಾತಿನಿಂದ.

ಹದಿನಾರನೆಯ ವಯಸ್ಸಿನಿಂದ ಮಗಳು ಪ್ರೂಫು ನೋಡುತ್ತಿದ್ದಳು. ಕೆಂಪು ಪೆನ್ಸಿಲು ಹಿಡಿದು ಕೂತಳೆಂದರೆ ಒಂದು ಸೊನ್ನೆಯೂ ಅವಳ ಕಣ್ಣು ತಪ್ಪಿಸಿ ಹೋಗುತ್ತಿರಲಿಲ್ಲ. “ಇವಳು ನನ್ನ ಪ್ರೆಸ್ಸಿನ ಕಣ್ಣು” ಎಂದು ಯಜಮಾನರು ಬಂದವರ ಮುಂದೆಲ್ಲ ಹೇಳಿಕೊಳ್ಳುತ್ತಿದ್ದ ಕಾಲವೂ ಇತ್ತು. ಆಮೇಲೆ ಒಂದು ದಿನ ಅವಳು ಊಟಕ್ಕೆ ಕೂತವಳು ಎದ್ದು ನಿಂತು, ಊರಿನ ಕಾಗದಗಳಲ್ಲೆಲ್ಲ ನಮ್ಮ ಮನೆಯ ಫೋನ್ ನಂಬರು ಹಾಕಿದ್ದಾರೆ, ಎಲ್ಲರೂ ನನ್ನನ್ನೇ ಗಮನಿಸುತ್ತಿದ್ದಾರೆ ಎಂದಳು. ಕಾಗದಗಳಲ್ಲಿ ನಂಬರು ಇದ್ದದ್ದು ನಿಜವೇ. ಪ್ರೆಸ್ಸಿನವರು ತಾವು ಅಚ್ಚು ಹಾಕಿದ್ದರ ಅಡಿಯಲ್ಲಿ ಹೆಸರು, ನಂಬರು ಹಾಕಿಕೊಳ್ಳುವುದು ವಾಡಿಕೆ. ಅದನ್ನು ಅವಳಿಗೆ ತಿಳಿಸಿ ಹೇಳಲು ಆ ದಿನಗಳಲ್ಲಿ ಯಾರಿಂದಲೂ ಆಗಲಿಲ್ಲ. ಆಸ್ಪತ್ರೆ ಆಯಿತು, ಮಾತ್ರೆ ಆಯಿತು. ಈಗ ಹತ್ತು ತಿಂಗಳಿಂದ ಗುಣವಾಗಿದ್ದಾಳೆ. ಅಡುಗೆಗೆ ಕೈಹಾಕುತ್ತಾಳೆ, ನಗುತ್ತಾಳೆ. ಆದರೆ ಕೆಂಪು ಪೆನ್ಸಿಲನ್ನು ಯಾರೂ ಅವಳಿಗೆ ಹಿಂದಿರುಗಿಸಿರಲಿಲ್ಲ.

ಊಟಕ್ಕೆ ಎಲ್ಲರೂ ಕೂತಾಗ ಅವಳು ಕರಪತ್ರವನ್ನು ತಂದೆಯ ತಟ್ಟೆಯ ಪಕ್ಕದಲ್ಲಿಟ್ಟಳು.

“ಅಪ್ಪ, ಒಂದು ಸಲ ನೋಡಿ. ನಮ್ಮ ನಂಬರ್ ಬಿದ್ದಿದೆ.”

ಯಜಮಾನರು ಬಾಯಿಗೆ ತಂದ ತುತ್ತನ್ನು ಕೆಳಗಿಟ್ಟರು. “ಮಾತ್ರೆ ತಗೊಂಡಿದ್ದೀಯ?”

“ತಗೊಂಡಿದ್ದೀನಿ. ಅಡೀಲಿರೋ ಸಣ್ಣ ಸಾಲಲ್ಲ ಅಪ್ಪ, ನಡುವಿನ ಚೌಕದಲ್ಲಿ. ಆಸ್ಪತ್ರೆ ನಂಬರ್ ಇರಬೇಕಾದ ಕಡೆ.”

“ನಾನು ನೋಡಿದ್ದೀನಿ ಅಕ್ಕ,” ಎಂದ ಮಗ. ಕಂಪ್ಯೂಟರಿನ ಕೆಲಸವೆಲ್ಲ ಅವನದು. “ಎರಡೆರಡು ಸಲ ನೋಡಿದ್ದೀನಿ. ನೀನು ಅನ್ನ ಉಣ್ಣು.”

“ಮೂರನೇ ಸಲ ನೋಡಿದ್ರೆ ಕಣ್ಣು ಸವೆಯಲ್ಲ.”

“ಶುರುವಾಯ್ತು!” ಎಂದರು ಅಜ್ಜಿ, ಯಜಮಾನರ ತಾಯಿ. “ನಾನು ಹೇಳಲಿಲ್ವಾ? ನಾಲ್ಕು ದಿನದಿಂದ ಇವಳ ನಗು ನೋಡಿದಾಗಲೇ ಅಂದ್ಕೊಂಡೆ.”

“ನಕ್ಕರೂ ಕಾಯಿಲೇನಾ ಅಜ್ಜಿ?”

“ಸುಮ್ನೆ ನಕ್ಕರೆ ಕಾಯಿಲೆ ಅಲ್ದೆ ಮತ್ತೇನು? ನಾನು ಈ ಮನೇಲಿ ಐವತ್ತು ವರ್ಷ ಇದ್ದೀನಿ, ನಗೋ ಅಂಥದ್ದು ಒಂದೂ ಕಾಣ್ಲಿಲ್ಲ.”

ಮಗ ಕಿಸಕ್ಕೆಂದ. ಯಜಮಾನರು ನಗಲಿಲ್ಲ. ಕರಪತ್ರವನ್ನು ಬೋರಲು ಹಾಕಿ ಅದರ ಮೇಲೆ ನೀರಿನ ಲೋಟ ಇಟ್ಟರು. “ಇನ್ನು ಮೇಲೆ ಇವಳ ಕಣ್ಣಿಗೆ ಕಾಗದ ಬೀಳಕೂಡದು,” ಎಂದರು ಹೆಂಡತಿಗೆ. “ಎಷ್ಟು ಸಲ ಹೇಳಬೇಕು ನಿನಗೆ?”

ಮಗಳು ತಾಯಿಯ ಮುಖ ನೋಡಿದಳು. ತಾಯಿಯ ಕನ್ನಡಕ ಎದೆಯ ಮೇಲೆ ದಾರದಲ್ಲಿ ತೂಗುತ್ತಿತ್ತು. ಎತ್ತಿ ಕಣ್ಣಿಗಿಟ್ಟು ಲೋಟ ಸರಿಸಿದ್ದರೆ ಮುಗಿದುಹೋಗುತ್ತಿತ್ತು. ಮಗ ಪ್ರೆಸ್ಸಿನ ಹಳೆಯ ಜಾಹೀರಾತಿನ ಮೇಲೆಯೇ ಹೊಸ ಮಾತು ಕೂರಿಸಿದ್ದ. ಕಂಪ್ಯೂಟರಿನಲ್ಲಿ ಹೊಸದಾಗಿ ಚೌಕ ಎಳೆಯುವ ತ್ರಾಸು ತಪ್ಪಿಸಿಕೊಳ್ಳಲು ಅವನು ಯಾವಾಗಲೂ ಮಾಡುತ್ತಿದ್ದ ಉಪಾಯ ಅದು. ಚೌಕದ ಸುತ್ತಲಿನದೆಲ್ಲ ಬದಲಾಗಿತ್ತು, ಒಳಗಿನ ನಂಬರು ಮಾತ್ರ ಹಾಗೇ ಉಳಿದಿತ್ತು. ಐದು ಸಾವಿರ ಸಲ.

“ಅನ್ನ ಆರುತ್ತೆ, ಉಣ್ಣು,” ಎಂದಳು ತಾಯಿ. ದೇವರು ಆ ದಿನ ಅವಳ ಕೈಯಲ್ಲಿ ಕೇಳಿದ್ದು ಇಷ್ಟೇ, ಒಂದು ಕನ್ನಡಕ ಎತ್ತುವಷ್ಟು. ಅಷ್ಟೂ ಆಗಲಿಲ್ಲ.

ಸಂಜೆಗೆ ಕಟ್ಟುಗಳು ಆಸ್ಪತ್ರೆಗೆ ಹೋದವು.

ದಿನವೂ ಮಧ್ಯಾಹ್ನ ಒಂದರಿಂದ ಮೂರರವರೆಗೆ ಪ್ರೆಸ್ಸಿಗೆ ಬೀಗ. ಯಜಮಾನರೂ ಮಗನೂ ಊಟ ಮುಗಿಸಿ ಮಹಡಿಯಲ್ಲಿ ಅಡ್ಡಾಗುತ್ತಿದ್ದರು. ಅಜ್ಜಿಗೆ ಊಟದ ಕೋಣೆಯ ಮಂಚದಲ್ಲೇ ನಿದ್ದೆ. ತಾಯಿ ಹಿತ್ತಲಲ್ಲಿ ಪಾತ್ರೆ ಬೆಳಗುತ್ತಿದ್ದಳು. ಊಟದ ಕೋಣೆಯ ಗೂಡಿನಲ್ಲಿ ಫೋನು ಇತ್ತು. ಅದೇ ಲೈನಿನ ಇನ್ನೊಂದು ಫೋನು ಪ್ರೆಸ್ಸಿನಲ್ಲಿ; ಬೀಗ ಹಾಕುವಾಗ ಯಜಮಾನರು ಅದರ ತಂತಿ ಕಳಚಿಡುತ್ತಿದ್ದರು.

ಕರಪತ್ರ ಹಂಚಿ ವಾರವಾಗಿರಬಹುದು. ತಾಯಿ ತೊಳೆದ ಪಾತ್ರೆ ಹೊತ್ತು ಒಳಗೆ ಬಂದಾಗ ಮಗಳು ಗೂಡಿನ ಪಕ್ಕದಲ್ಲಿ ನಿಂತು ಮೆಲ್ಲನೆ ಮಾತಾಡುತ್ತಿದ್ದಳು. ರಿಸೀವರು ಕಿವಿಯಲ್ಲಿತ್ತು. ಅದರ ಗಂಟೆ ಹೊಡೆದದ್ದು ತಾಯಿಗೆ ಕೇಳಿಸಿರಲಿಲ್ಲ.

“ಇವತ್ತು ಉಂಡ್ರಾ ಅವರು?... ಎರಡು ತುತ್ತಾದ್ರೂ ಸರಿ ಬಿಡಿ. ಒಂದು ಮಾತು ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ. ತಟ್ಟೆ ಇಟ್ಟು ಎದುರಿಗೆ ನಿಂತ್ಕೋಬೇಡಿ. ನೀವೂ ಒಂದು ತಟ್ಟೆ ಹಾಕ್ಕೊಂಡು ಪಕ್ಕದಲ್ಲಿ ಕೂತ್ಕೊಳ್ಳಿ. ಕಾವಲು ನಿಂತ್ರೆ ಗಂಟಲಲ್ಲಿ ಇಳಿಯಲ್ಲ.”

ತಾಯಿ ಬಾಗಿಲಲ್ಲೇ ನಿಂತಳು. ಎರಡು ವರ್ಷದಿಂದ ಮಗಳ ಊಟದ ಹೊತ್ತಿಗೆ ಎದುರಿಗೆ ನಿಲ್ಲುತ್ತ ಬಂದವಳು ತಾನೇ.

“ಇಲ್ಲಮ್ಮ, ನಾನು ಡಾಕ್ಟರಲ್ಲ. ಇದು ಆಸ್ಪತ್ರೆನೂ ಅಲ್ಲ, ಪ್ರೆಸ್ಸು. ಅಚ್ಚಲ್ಲಿ ತಪ್ಪಾಗಿದೆ. ಆಸ್ಪತ್ರೆಯವರು ಬರೆದುಕೊಟ್ಟಿದ್ದ ಸರಿಯಾದ ನಂಬರ್ ಕೊಡ್ತೀನಿ, ಬರ್ಕೊಳ್ಳಿ. ಬರ್ಕೊಂಡ್ರಾ? ಒಂದು ಸಲ ಓದಿ ಹೇಳಿ... ಹೂಂ, ಸರಿಯಾಗಿದೆ.”

ಮಗಳು ರಿಸೀವರು ಇಟ್ಟು ತಿರುಗಿದಳು.

“ಯಾರೇ ಅದು?”

“ಹೇಳಿದ್ರೆ ನಂಬ್ತೀಯಾ?”

ತಾಯಿ ಪಾತ್ರೆಗಳನ್ನು ಒಂದೊಂದಾಗಿ ಕೆಳಗಿಟ್ಟಳು. “ಮಾತ್ರೆ ತಗೊಂಡ್ಯಾ?” ಎಂದಳು.

ಮಗಳು ನಕ್ಕಳು. “ಈ ಮನೇಲಿ ‘ಹೊರಗೆ ಬಿಸಿಲಿದೆ’ ಅಂದ್ರೂ ಅದೇ ಪ್ರಶ್ನೆ.” ಪಾತ್ರೆ ಒರೆಸಲು ಬಟ್ಟೆ ಎತ್ತಿಕೊಂಡಳು.

ಆಮೇಲೆ ಎರಡು ದಿನಕ್ಕೊಮ್ಮೆ, ಕೆಲವು ಸಲ ದಿನವೂ, ತಾಯಿ ಅದೇ ಮೆಲುದನಿ ಕೇಳಿದಳು. ಗಂಡನಿಗೆ ಹೇಳಲಿಲ್ಲ. ಭಯದ ಜೊತೆಗೆ ಇನ್ನೊಂದು ಕಾರಣವೂ ಇತ್ತು: ಮಗಳು ಚೇತರಿಸಿಕೊಳ್ಳುತ್ತಿದ್ದಳು. ತಲೆ ಬಾಚಿಕೊಳ್ಳುತ್ತಿದ್ದಳು. ಎರಡನೆಯ ಸಲ ಅನ್ನ ಬಡಿಸಿಕೊಳ್ಳುತ್ತಿದ್ದಳು. ಒಂದು ಗಂಟೆಯಾಗುತ್ತಲೇ ಕೈ ತೊಳೆದು, ಕೆಲಸಕ್ಕೆ ಹೊರಟವಳಂತೆ ಗೂಡಿನ ಪಕ್ಕದ ಸ್ಟೂಲಿನ ಮೇಲೆ ಕೂರುತ್ತಿದ್ದಳು. ಇದು ಹುಚ್ಚಾದರೆ ಇಂಥ ಹುಚ್ಚು ಇರಲಿ ದೇವರೇ ಎಂದು ತಾಯಿ ಒಂದು ಸಂಜೆ ಕಣ್ಣು ಮುಚ್ಚಿ ಬೇಡಿಕೊಂಡದ್ದೂ ಉಂಟು. ಫೋನಿನ ಹತ್ತಿರ ಹೋಗಿ ನೋಡುವ ಧೈರ್ಯ ಮಾತ್ರ ಮಾಡಲಿಲ್ಲ.

ಆ ನಡುವೆ ಮಗನಿಗೆ ಹೆಣ್ಣು ನಿಕ್ಕಿಯಾಗುವ ಹಂತಕ್ಕೆ ಬಂತು. ವರ್ಷದ ಹಿಂದಷ್ಟೇ ಊರಿಗೆ ಬಂದ ಔಷಧದಂಗಡಿಯವರ ಮಗಳು. ಅವರು ಭಾನುವಾರ ಮನೆ ನೋಡಲು ಬರುತ್ತೇವೆಂದು ಹೇಳಿ ಕಳಿಸಿದರು.

“ಅವರೇ ಮಾತ್ರೆ ಮಾರೋರು,” ಎಂದ ಮಗ, ಶನಿವಾರದ ಊಟದಲ್ಲಿ. “ಅಕ್ಕನ ಚೀಟಿ ಅವರ ಅಂಗಡಿಗೆ ಯಾವತ್ತಾದ್ರೂ ಹೋಗಿದ್ಯಾ?”

“ನನಗೇನು ತಲೆ ಕೆಟ್ಟಿದ್ಯಾ?” ಎಂದರು ಯಜಮಾನರು. “ಎರಡು ಬಸ್ಸು ಬದಲಾಯಿಸಿ ಹೋಗಿ ತರ್ತೀನಿ.” ಅಂದ ಮೇಲೆ ಮಗಳು ಎದುರಿಗೇ ಕೂತದ್ದು ಕಂಡು ನೀರು ಕುಡಿದರು.

“ನಾನು ಎಲ್ಲಿರಲಿ ನಾಳೆ?” ಎಂದು ಕೇಳಿದಳು ಮಗಳು.

ಮಗ ಸಾರಿನ ಪಾತ್ರೆ ಎಳೆದುಕೊಂಡ. ಅವಳೇ ಹೇಳಿದಳು: “ಕಾಗದದ ಕೋಣೇಲಿ ಕೂರ್ತೀನಿ. ಅಲ್ಲಿ ರೀಮುಗಳ ಮೇಲೆ ಮೆತ್ತಗಿರುತ್ತೆ.”

ಬೀಗರಾಗುವವರು ಬಂದರು, ಚಹಾ ಕುಡಿದರು, ಅಚ್ಚಿನ ಯಂತ್ರವನ್ನು ದೂರದಿಂದಲೇ ನೋಡಿ ತಲೆದೂಗಿದರು. ಹುಡುಗಿಯ ತಾಯಿ ಒಳ್ಳೆಯ ಮಾತಿನವರು. ಬಿಸ್ಕತ್ತು ಮುರಿಯುತ್ತ, “ನಿಮಗೆ ಮಕ್ಕಳೆಷ್ಟು ಅಂದ್ರಿ?” ಎಂದರು.

ಯಾರಾದರೂ ಕೇಳಿಯೇ ಕೇಳುತ್ತಾರೆಂದು ಯಜಮಾನರು ಏನೋ ಉತ್ತರ ಸಿದ್ಧ ಮಾಡಿಕೊಂಡಿದ್ದರು. ಆದರೆ ಪ್ರಶ್ನೆ ಬಂದದ್ದು ತಾಯಿಗೆ.

“ಒಬ್ಬನೇ,” ಎಂದಳು ತಾಯಿ.

ಕಾಗದದ ಕೋಣೆಗೂ ಊಟದ ಕೋಣೆಗೂ ನಡುವೆ ಇದ್ದದ್ದು ಹಲಗೆಯ ಗೋಡೆ. ಆ ಕಡೆ ಏನೂ ಸದ್ದಾಗಲಿಲ್ಲ.

ಮದುವೆಯ ದಿನವನ್ನೂ ಗೊತ್ತುಮಾಡಿ ಅವರು ಹೋದ ಮೇಲೆ ಮಗಳು ಬಂದು ಕಪ್ಪುಗಳನ್ನು ತೊಳೆದಳು. ಬೆನ್ನಿಗೆ ರೀಮಿನ ಹೊದಿಕೆಯ ಕಂದು ಕಾಗದದ ಚೂರು ಅಂಟಿಕೊಂಡಿತ್ತು. ತಾಯಿ ಅದನ್ನು ತೆಗೆಯಲು ಕೈ ಚಾಚಿದಳು.

“ಬಿಡಮ್ಮ,” ಎಂದಳು ಮಗಳು. “ಇಲ್ಲದವಳ ಬೆನ್ನಿಗೆ ಏನು ಅಂಟಿದ್ರೇನು?”

ಅಜ್ಜಿ ಮುಂದಿನ ವಾರವೇ ಪತ್ತೆ ಹಚ್ಚಿದರು. ನಿದ್ದೆ ಬಾರದ ಒಂದು ಮಧ್ಯಾಹ್ನ ಕಣ್ಣು ಮುಚ್ಚಿಕೊಂಡೇ ಎಲ್ಲ ಕೇಳಿಸಿಕೊಂಡು, ಮೆಟ್ಟಿಲ ಬುಡಕ್ಕೆ ಹೋಗಿ ಯಜಮಾನರನ್ನು ಕೂಗಿದರು.

“ಬಾರೋ ಇಲ್ಲಿ! ನಿನ್ನ ಮಗಳು ಗಾಳಿ ಜೊತೆ ಮಾತಾಡ್ತಿದ್ದಾಳೆ. ಗಂಟೆ ಇಲ್ಲ ಗಿಂಟೆ ಇಲ್ಲ, ಸುಮ್ನೆ ಎತ್ತಿ ಕಿವಿಗಿಟ್ಕೊಂಡ್ಳು!”

ಯಜಮಾನರು ಎರಡೆರಡು ಮೆಟ್ಟಿಲು ಇಳಿದು ಬಂದರು. ಮಗಳು ಒಂದು ಕೈಯಿಂದ ಅವರನ್ನು ತಡೆಯುತ್ತ, “ಇಲ್ಲ, ಏನೂ ಆಗಿಲ್ಲ, ನೀವು ಹೇಳಿ” ಎನ್ನುತ್ತಿದ್ದಳು ಫೋನಿಗೆ.

“ಯಾರ ಜೊತೆ ಮಾತು? ಯಾರು ಅಂತ ಕೇಳ್ತಿದ್ದೀನಿ!”

“ಕೂಗಬೇಡಿ ಅಪ್ಪ, ಹೆದರಿಬಿಡ್ತಾರೆ.”

ಅವರು ರಿಸೀವರು ಕಿತ್ತುಕೊಂಡು ಕಿವಿಗಿಟ್ಟುಕೊಂಡರು. ಆ ಕಡೆಯವರು ಕೂಗಾಟಕ್ಕೆ ಹೆದರಿ ಇಟ್ಟುಬಿಟ್ಟಿದ್ದರು. ಗುಂಯ್ ಎನ್ನುವ ಸದ್ದು ಬಿಟ್ಟರೆ ಏನೂ ಇಲ್ಲ. ಯಜಮಾನರು ರಿಸೀವರನ್ನು ಹೆಂಡತಿಯ ಕಿವಿಗೂ ಹಿಡಿದರು. “ಕೇಳು. ಕೇಳು ನಿನ್ನ ಮಗಳ ನೆಂಟರ ಮಾತು.”

“ಗಂಟೆ ಆಗಲ್ಲ, ಅದರ ಸದ್ದು ತೆಗೆದಿದೆ,” ಎಂದಳು ಮಗಳು. “ಕೆಂಪು ದೀಪ ಮಿನುಗುತ್ತೆ, ಅದನ್ನ ನೋಡಿ ಎತ್ತೋದು ನಾನು. ಅಜ್ಜಿ, ನಿದ್ದೆಗೆ ಅಡ್ಡ ಆಗುತ್ತೆ ಅಂತ ನೀವೇ ಅಲ್ವಾ ತಿರುಗಿಸಿದ್ದು?”

“ನಾನಾ? ನಾನು ಆ ದರಿದ್ರ ಯಂತ್ರ ಮುಟ್ಟಿದವಳೇ ಅಲ್ಲ!” ಎಂದರು ಅಜ್ಜಿ. ಅವರು ಸುಳ್ಳು ಹೇಳಲಿಲ್ಲ, ನಿಜವಾಗಿಯೂ ಮರೆತಿದ್ದರು. “ನನ್ನ ಕಿವಿ ಇನ್ನೂ ಚೆನ್ನಾಗಿದೆ. ಪಕ್ಕದ ಮನೇಲಿ ಸೂಜಿ ಬಿದ್ರೆ ಕೇಳುತ್ತೆ.”

“ಅಪ್ಪ, ಐದು ನಿಮಿಷ ಕಾಯಿರಿ. ಯಾರಾದ್ರೂ ಮಾಡ್ತಾರೆ. ನೀವೇ ಎತ್ತಿ.”

“ಐದು ನಿಮಿಷ ಅಲ್ಲ, ಎರಡು ವರ್ಷ ಕಾದಿದ್ದೀನಿ!” ಯಜಮಾನರು ಗೋಡೆಯಿಂದ ತಂತಿಯನ್ನು ಎಳೆದು ಕಿತ್ತರು.

ಮಗ ಮೆಟ್ಟಿಲ ಮೇಲೆ ತಲೆ ಹಿಡಿದು ಕೂತ. “ಅವರ ಮನೆಯವರು ಬಂದಾಗ ಹೀಗಾಗಿದ್ರೆ? ಮುಗೀತು ಅಪ್ಪ, ನನ್ನ ಬಾಳು ಮುಗೀತು.”

ಮಗಳು ಮತ್ತೆ ತಾಯಿಯ ಕಡೆ ತಿರುಗಿದಳು. “ನೀನು ಕೇಳಿದ್ದೀಯಮ್ಮ. ನಾನು ಏನು ಮಾತಾಡ್ತೀನಿ ಅಂತ ನಿನಗೆ ಗೊತ್ತು. ಹುಚ್ಚಿ ಹಾಗೆ ಮಾತಾಡ್ತಾಳಾ? ಹೇಳು.”

ತಾಯಿಗೆ ಹೇಳಲು ಇತ್ತು. ಕಾವಲು ನಿಂತರೆ ಗಂಟಲಲ್ಲಿ ಇಳಿಯುವುದಿಲ್ಲ ಎಂದ ಮಾತು ನಾಲಿಗೆಯ ತುದಿಯಲ್ಲೇ ಇತ್ತು. ಆಕೆ ಅಂದದ್ದು ಬೇರೆ. “ಮದುವೆ ಮುಗಿಯೋವರೆಗೆ ಎಲ್ಲಾದ್ರೂ ಇದ್ದು ಬಾರೇ. ಒಂದೂವರೆ ತಿಂಗಳು ಅಷ್ಟೇ.”

ಮಗಳು ಒಳಗೆ ಹೋಗಿ ಚೀಲಕ್ಕೆ ಬಟ್ಟೆ ತುಂಬತೊಡಗಿದಳು.

ಬಸ್ಸಿನಲ್ಲಿ ಮೂರು ಗಂಟೆಯ ದೂರದಲ್ಲಿ ಒಂದು ಆರೈಕೆ ಕೇಂದ್ರ. ಎತ್ತರದ ಗೋಡೆ, ಸುಣ್ಣ ಬಳಿದ ಮರಗಳು. ಬಾಗಿಲಲ್ಲಿ ಚೀಲ ತಪಾಸಣೆ ಮಾಡಿದ ಹೆಂಗಸು ಬಟ್ಟೆಗಳ ನಡುವಿನಿಂದ ಒಂದು ಕೆಂಪು ಪೆನ್ಸಿಲನ್ನು ಹೊರಗೆ ತೆಗೆದಳು. ಮಗಳು ಅದನ್ನು ಎಲ್ಲಿ ಬಚ್ಚಿಟ್ಟಿದ್ದಳೋ ಎರಡು ವರ್ಷ. “ಚೂಪಾದದ್ದು ಒಳಗೆ ಬಿಡಲ್ಲ,” ಎಂದು ಅದನ್ನು ತಾಯಿಯ ಕೈಗೆ ಕೊಟ್ಟಳು. ಮೊದಲ ತಿಂಗಳು ಯಾರೂ ನೋಡಲು ಬರುವಂತಿಲ್ಲ, ಫೋನೂ ಇಲ್ಲ ಎಂದಳು.

ತಿಂಗಳು ಕಳೆದ ಮೇಲೆ ತಾಯಿ ಒಬ್ಬಳೇ ಹೋದಳು. ಹೊಸ ಮಾತ್ರೆಗಳಿಂದ ಮಗಳ ಮುಖ ಊದಿತ್ತು, ತುಟಿ ಒಣಗಿತ್ತು. ಕೂತಲ್ಲೇ ಒಂದೇ ಸಮನೆ ಕಾಲು ಕುಣಿಸುತ್ತಿದ್ದಳು. ತಾಯಿ ಮನೆಯ ಸುದ್ದಿ ಹೇಳಿದಳು. ಅವಳು ಹೂಂಗುಟ್ಟಿದಳು. ಏನು ಮಾತಾಡಲೂ ತೋಚದೆ ತಾಯಿ ಚೀಲದಿಂದ ಮದುವೆಯ ಕರೆಯೋಲೆಯ ಪ್ರೂಫನ್ನು ತೆಗೆದಳು. ತೆಗೆದ ಮೇಲೆಯೇ ಆಕೆಗೆ ತಾನೇನು ಮಾಡುತ್ತಿದ್ದೇನೆಂದು ಹೊಳೆದದ್ದು. ಆದರೆ ಮಗಳು ಆಗಲೇ ಕೈ ಚಾಚಿದ್ದಳು.

“ನೀನು ಒಂದು ಸಲ ನೋಡಿಬಿಟ್ರೆ ಸಮಾಧಾನ,” ಎಂದಳು ತಾಯಿ ತಡವರಿಸುತ್ತ.

ಮಗಳು ಕಾಗದವನ್ನು ಮಡಿಲಲ್ಲಿಟ್ಟುಕೊಂಡು ಹಳೆಯ ಅಭ್ಯಾಸದಂತೆ ಸಾಲಿನ ಕೆಳಗೆ ಬೆರಳಿಟ್ಟು ಓದಿದಳು. ಅಜ್ಜಿಯ ಹೆಸರು ಬಂತು, ತಂದೆ ತಾಯಿಯ ಹೆಸರು ಬಂತು, ‘ನಮ್ಮ ಏಕಮಾತ್ರ ಪುತ್ರ’ ಎಂಬ ಸಾಲು ಬಂತು. ಅಲ್ಲಿ ಬೆರಳು ಸ್ವಲ್ಪ ಹೊತ್ತು ನಿಂತಿತು. ಮುಂದೆ ಹೋಯಿತು. ತಾರೀಖು, ಹೊತ್ತು, ಸ್ಥಳ, ಅಡಿಯಲ್ಲಿ ಪ್ರೆಸ್ಸಿನ ಹೆಸರು, ನಂಬರು.

“ತಪ್ಪೇನಿಲ್ಲಮ್ಮ,” ಎಂದಳು. “ಅಚ್ಚು ಹಾಕಬಹುದು.”

ಬಸ್ಸಿನಲ್ಲಿ ತಾಯಿ ಮೂರು ಗಂಟೆಯೂ ಆ ಕಾಗದವನ್ನು ಮಡಚಿಯೇ ಹಿಡಿದಿದ್ದಳು.

ಮದುವೆಗೆ ಹನ್ನೆರಡು ದಿನವಿದ್ದಾಗ ಆಸ್ಪತ್ರೆಯ ಮೇಡಂ ಪ್ರೆಸ್ಸಿಗೆ ಬಂದರು. ಕೈಯಲ್ಲಿ ಕರಪತ್ರ. ತಾಯಿ ಚಹಾದ ತಟ್ಟೆ ಹಿಡಿದು ನಡುಬಾಗಿಲಿಗೆ ಬಂದಾಗ ಅವರು ಹೇಳುತ್ತಿದ್ದರು:

“ನಾವು ಎರಡು ತಿಂಗಳಾದ ಮೇಲೆ ಗಮನಿಸಿದ್ವಿ ಸಾರ್, ತಪ್ಪು ನಮ್ಮದೂ ಇದೆ. ಇಲ್ಲಿ ಹಾಕಿರೋದು ನಿಮ್ಮ ನಂಬರ್. ಆದರೂ ನಮಗೆ ಕರೆ ಬರ್ತಾನೇ ಇತ್ತು ನೋಡಿ. ನಂಬರ್ ಯಾರು ಕೊಟ್ರು ಅಂದ್ರೆ ಎಲ್ಲರೂ ಒಂದೇ ಮಾತು, ‘ಪ್ರೆಸ್ಸಿನ ಅಕ್ಕ ಕೊಟ್ರು’. ನಲವತ್ತಕ್ಕೂ ಹೆಚ್ಚು ಜನ. ಒಬ್ಬ ತಾಯಿ ಹೇಳಿದ್ರು, ಅಕ್ಕ ದಿನಾ ಫೋನಲ್ಲಿ ಮಾತಾಡದೇ ಇದ್ದಿದ್ರೆ ಮಗನನ್ನ ಕರ್ಕೊಂಡು ಬರ್ತಾನೇ ಇರ್ಲಿಲ್ಲ ಅಂತ. ಈಗ ಒಂದು ತಿಂಗಳಿಂದ ಆ ಕರೆಗಳೂ ನಿಂತಿವೆ. ಅವರು ಯಾರು ಸಾರ್? ಅಂಥವರು ನಮ್ಮಲ್ಲಿ ಕೆಲಸಕ್ಕೆ ಬೇಕು. ಸಂಬಳ ಕೊಡ್ತೀವಿ.”

ಯಜಮಾನರು ಕರಪತ್ರ ಈಸಿಕೊಂಡು ಚೌಕದ ನಂಬರನ್ನು ಓದಿದರು. ಮಗ ಕಂಪ್ಯೂಟರಿನಿಂದ ಕಣ್ಣೆತ್ತಲಿಲ್ಲ.

“ಅದು... ಕೆಲಸಕ್ಕೆ ಅಂತ ಒಬ್ಬಳು ಬರ್ತಿದ್ಲು,” ಎಂದರು ಯಜಮಾನರು. “ಬಿಟ್ಟು ಹೋದ್ಲು. ಎಲ್ಲಿಗೆ ಹೋದ್ಲೋ ಗೊತ್ತಿಲ್ಲ. ನಾನು ಇದನ್ನ ಹೊಸದಾಗಿ ಅಚ್ಚು ಹಾಕಿಕೊಡ್ತೀನಿ ಮೇಡಂ, ಕಾಸು ಬೇಡ.”

ಮೇಡಂ ತಾಯಿಯ ಕಡೆ ನೋಡಿದರು. “ನಿಮಗೇನಾದ್ರೂ ಗೊತ್ತಾಮ್ಮ?”

ತಾಯಿ ಚಹಾದ ಲೋಟವನ್ನು ಅವರ ಮುಂದಿಟ್ಟಳು. “ಸಕ್ಕರೆ ಕಮ್ಮಿ ಇದ್ರೆ ಹೇಳಿ,” ಎಂದಳು.

ಮೇಡಂ ಹೋದ ಮೇಲೆ ಮನೆಯಲ್ಲಿ ಮಾತು ಏಳಲು ತಡವಾಗಲಿಲ್ಲ.

“ಅವಳು ಸರಿಯಾಗೇ ಹೇಳಿದ್ಲು,” ಎಂದಳು ತಾಯಿ. ಇಷ್ಟು ಗಟ್ಟಿಯಾಗಿ ಆಕೆ ಆ ಮನೆಯಲ್ಲಿ ಮಾತಾಡಿದ್ದು ಅದೇ ಮೊದಲು. “ಮೊದಲನೇ ದಿನವೇ ಹೇಳಿದ್ಲು. ಲೋಟ ಇಟ್ರಿ ನೀವು ಅದರ ಮೇಲೆ.”

“ಒಂದು ನಂಬರ್ ಸರಿ ಹೇಳಿದ್ರೆ ಕಾಯಿಲೆ ಹೋಯ್ತು ಅಂತೇನಲ್ಲ.”

“ನಾಳೆ ಹೋಗಿ ಕರ್ಕೊಂಡು ಬನ್ನಿ.”

“ಹನ್ನೆರಡು ದಿನ ಇದೆ ಕಣೇ ಮದುವೆಗೆ! ತಲೆ ನೆಟ್ಟಗಿದ್ಯಾ ನಿನಗೆ?”

“ಮದುವೆ ಆಗ್ಲಿ ಅಮ್ಮ,” ಎಂದ ಮಗ. “ಆಮೇಲೆ ನಾನೇ ಕರ್ಕೊಂಡು ಬರ್ತೀನಿ. ಮೂರು ಹೊತ್ತೂ ಪ್ರೂಫು ಕೊಡ್ತೀನಿ, ಸಾಕಾ?”

“ಕರ್ಕೊಂಡು ಬಂದು ನಿನ್ನ ಹೆಂಡತಿಗೆ ಯಾರು ಅಂತ ಹೇಳ್ತೀಯೋ?”

ಮಗ ಮೊದಲ ಸಲ ಕಣ್ಣೆತ್ತಿ ನೋಡಿದ. “ಅದನ್ನ ನನ್ನ ಕೇಳಬೇಡ. ಒಬ್ಬನೇ ಅಂದೋಳು ನೀನು.”

ಅಡುಗೆಮನೆಯಲ್ಲಿ ಏನೋ ಸೀಯುತ್ತಿತ್ತು. ತಾಯಿ ಹೋಗಿ ಒಲೆ ಆರಿಸಿದಳು. ಅಂದು ಯಾರೂ ಬೇಳೆ ಸೀದಿದೆ ಎಂದು ಹೇಳದೆ ಉಂಡರು.

ಮಾರನೆಯ ದಿನ ತಾಯಿ ಊಟದ ಮೇಜನ್ನು ಒರೆಸಿ ಹಳೆಯ ಬಟ್ಟೆ ಹಾಸಿದಳು. ಕರೆಯೋಲೆಗಳು ಅಚ್ಚಾಗಿ ಬಂದಿದ್ದವು, ಐನೂರು. ಮಡಚಲು ಕೂರುವ ಮೊದಲು ಗೂಡಿನಿಂದ ಫೋನನ್ನು ತೆಗೆದಳು. ತಂತಿಯನ್ನು ಗೋಡೆಗೆ ಸಿಕ್ಕಿಸಿದಳು. ಕನ್ನಡಕ ಹಾಕಿಕೊಂಡು ಅದನ್ನು ಬೋರಲು ಮಾಡಿ ನೋಡಿದಳು. ಗಂಟೆಯ ಸದ್ದು ಏರಿಸಿ ಇಳಿಸುವ ಪುಟ್ಟ ಬಿರಡೆ ಪೂರ್ತಿ ಕೆಳಕ್ಕೆ ತಿರುಗಿತ್ತು. ಅದನ್ನು ಮೇಲಕ್ಕೆ ತಿರುಗಿಸಿದಳು.

ಒಂದೂವರೆಗೆ ಅದು ಹೊಡೆದುಕೊಂಡಿತು. ಮಂಚದ ಮೇಲೆ ಅಜ್ಜಿ ಗೊಣಗಿ ಮಗ್ಗುಲು ಬದಲಿಸಿದರು.

“ಅಕ್ಕ ಇದ್ದಾರಾ?” ಹೆಂಗಸಿನ ದನಿ, ವಯಸ್ಸಾದದ್ದು. “ತಿಂಗಳಿಂದ ಮಾಡ್ತಿದ್ದೀನಿ, ಸಿಗ್ತಾನೇ ಇರ್ಲಿಲ್ಲ.”

“ಅವಳು... ಇಲ್ಲ ಈಗ.”

“ಹೌದಾ? ಬಂದಾಗ ಒಂದು ಮಾತು ಹೇಳಿಬಿಡಿ. ನನ್ನ ಮಗ ಈಗ ಉಣ್ತಿದ್ದಾನೆ ಅಂತ. ಅವರು ದಿನಾ ಮೊದಲು ಕೇಳ್ತಿದ್ದದ್ದೇ ಅದು, ಉಂಡ್ರಾ ಅಂತ. ನಾನೂ ಜೊತೆಗೆ ಕೂತು ಉಣ್ತೀನಿ ಅಂತಾನೂ ಹೇಳಿ. ಮೊನ್ನೆ ಅವನೇ ನನಗೆ ಬಡಿಸಿದ.” ಆ ಕಡೆ ಯಾರೋ ತಟ್ಟೆ ಇಟ್ಟ ಸದ್ದಾಯಿತು. “ಯಾರ ಹೊಟ್ಟೇಲಿ ಹುಟ್ಟಿದ ಮಗಳೋ. ದೇವರು ಆ ತಾಯಿನ ಚೆನ್ನಾಗಿಟ್ಟಿರಲಿ. ಅಂದ ಹಾಗೆ, ನೀವು ಅವರಿಗೆ ಏನಾಗಬೇಕು?”

ತಾಯಿ ರಿಸೀವರನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಮೇಜಿನ ಮೇಲೆ ಐನೂರು ಕರೆಯೋಲೆಗಳು ಮಡಿಕೆಗೆ ಕಾಯುತ್ತಿದ್ದವು. ಕಣ್ಣಿಗಿನ್ನೂ ಕನ್ನಡಕವಿತ್ತು. ಮೇಲಿನ ಹಾಳೆಯ ಸಾಲುಗಳೆಲ್ಲ ಅಲ್ಲಿಂದಲೇ ಸ್ಪಷ್ಟವಾಗಿ ಕಾಣುತ್ತಿದ್ದವು.

“ನಾನಾ?” ಎಂದಳು. “ನಾನು ಇಲ್ಲಿ ಕಾಗದ ಮಡಚೋಳಮ್ಮ.”

“ಓಹೋ,” ಎಂದಿತು ಆ ದನಿ. “ಅವರ ತಾಯಿಯೇನೋ ಅಂದ್ಕೊಂಡೆ. ಮಾತಾಡೋ ರೀತಿ ಹಾಗೇ ಇದೆ.”